ಮೈಮೇಲಿನ ಗಂಟು: ಅಂಜಿಕೆಯೂ ಬೇಡ, ಅಸಡ್ಡೆಯೂ ಬೇಡ

ಕಳೆದ ಮಾಘ ಮಾಸದಲ್ಲಿ ನಾವು ಕೆಲವರು ಕೂಡಿ ತಮಿಳುನಾಡಿನ ತೇನಿ ಜಿಲ್ಲೆಗೆ ಹೋಗಿದ್ದೆವು. ಉತ್ತಮಪಾಳೆಯಂನಲ್ಲಿ ಕರುಪ್ಪಣ್ಣಸ್ವಾಮಿ ಗುಡಿಯ ಹತ್ತಿರದ ಬಂಡೆಯ ಮೇಲೆ ಸಾಲಾಗಿ ಕಡೆದಿರುವ ತೀರ್ಥಂಕರರ ಉಬ್ಬುಶಿಲ್ಪಗಳನ್ನೂ ಅಲ್ಲಿನ ವಟ್ಟೆಳುತ್ತು ಬರಹಗಳನ್ನೂ ಕಣ್ಣಾರೆ ಕಾಣಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿತ್ತು. ದಿಂಡಿಗಲ್ ಜಿಲ್ಲೆಯಲ್ಲಿ ಪಳನಿಯ ಸಮೀಪದ ಐವರ್‌ಮಲೈಗೆ ಮೊದಲು ಹೋಗಿ, ಶಕ ವರ್ಷ 792ರ, ಎಂದರೆ ಕ್ರಿ.ಶ. 870ರ ವರಗುಣ ಪಾಂಡ್ಯನ ಕಾಲದ ಶಾಸನವನ್ನು ನೋಡಿಕೊಂಡು, ವತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರುಗಳ ಮೇಲೆ ಹಾಯ್ದು ಕಂಬಂ ಕಣಿವೆಯನ್ನು ಸೇರಿದೆವು.

ಆ ಕಣಿವೆಯಲ್ಲಿ ಕನ್ನಡ ಕೇಳಿಬಂದಾಗ ಆದ ಸಂತೋಷವನ್ನು ಏನೆಂದು ಹೇಳೋಣ! ತಲೆಮಾರುಗಳ ಹಿಂದೆ ದನಕರುಗಳೊಡನೆ ವಲಸೆ ಬಂದು ನೆಲೆನಿಂತ ಒಕ್ಕಲಿಗರ ಮನೆಗಳು ಅಲ್ಲಿ ಬಹಳ ಇವೆ. ಅಲ್ಲಿಯ ಜನ ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ಓದುವುದು ಬರೆಯುವುದು ತಮಿಳಿನಲ್ಲಿ, ಮನೆಯೊಳಗಿನ ಮಾತು ಮಾತ್ರ ಕನ್ನಡ. ಕಂಬಂ ಪಟ್ಟಣದ ನಂದಗೋಪಾಲನ ದನದ ತೊಳು ಅವರ ಪೂಜ್ಯಸ್ಥಾನ. ಅಂತಹ ಒಂದು ಮನೆಯವರು ನಮ್ಮನ್ನು ಆದರದಿಂದ ಬರಮಾಡಿಕೊಂಡು, ನಮ್ಮ ನಿಯಮವನ್ನು ತಿಳಿದು, ಸೂರ್ಯಾಸ್ತಕ್ಕೆ ಮುನ್ನವೇ ಊಟಕ್ಕೆ ಬಡಿಸಿದರು.

ಊಟವಾದ ಮೇಲೆ ಮಾತು ಆರೋಗ್ಯದ ಕಡೆಗೆ ಹೊರಳಿತು. ಆ ಒಂದೇ ಮನೆಯಲ್ಲಿ ಎರಡು ಗಂಟುಗಳ ಕಥೆ ಇತ್ತು. ಯಜಮಾನರ ತಾಯಿಗೆ ಬೆನ್ನಿನ ಮೇಲ್ಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಒಂದು ಮೆತ್ತನೆಯ ಗಂಟು. ತಮ್ಮನಿಗೆ ತೊಡೆಯಲ್ಲಿ ಬಂದದ್ದು ಇನ್ನೊಂದು. ತಾಯಿಯ ಗಂಟಿಗೆ ಮನೆಮಂದಿಯೆಲ್ಲ ಹೆದರಿದರು, ಅದು ಏನೂ ಮಾಡಲಿಲ್ಲ. ಮಗನ ಗಂಟಿಗೆ ಯಾರೂ ಹೆದರಲಿಲ್ಲ, ಅದು ಅವನ ಕಾಲನ್ನೇ ಕಳೆಯುವಂತಿತ್ತು. ಈ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಹೊರಗಿನಿಂದ ನೋಡಿದರೆ ಎರಡೂ ಗಂಟೇ. ಹಾಗಾದರೆ ವ್ಯತ್ಯಾಸವನ್ನು ತಿಳಿಯುವುದು ಹೇಗೆ? ನಮ್ಮ ಓದುಗ ಕುಟುಂಬಗಳಿಗೂ ಇದು ಉಪಯೋಗವಾದೀತೆಂದು ಈ ಲೇಖನ ಬರೆಯುತ್ತಿದ್ದೇವೆ.

ಮೃದು ಅಂಗಾಂಶ ಎಂದರೇನು?

ನಮ್ಮ ಶರೀರದಲ್ಲಿ ಎಲುಬಿನ ಚೌಕಟ್ಟನ್ನೂ ಒಳ ಅವಯವಗಳನ್ನೂ ಬಿಟ್ಟರೆ, ಅವುಗಳನ್ನು ಸುತ್ತಿ, ಹಿಡಿದು, ಜೋಡಿಸುವ ಭಾಗಗಳಿವೆ. ಕೊಬ್ಬು, ಸ್ನಾಯು, ಸ್ನಾಯುರಜ್ಜು, ನರ, ರಕ್ತನಾಳ, ಕೀಲುಗಳ ಸುತ್ತಲಿನ ಪೊರೆ, ನಾರಿನಂತಹ ಕಟ್ಟು, ಇವೆಲ್ಲಕ್ಕೂ ಕೂಡಿಸಿ ಮೃದು ಅಂಗಾಂಶ ಎಂದು ಹೆಸರು. ಇವುಗಳ ಜೀವಕೋಶಗಳು ಮಿತಿ ತಪ್ಪಿ ಬೆಳೆದಾಗ ಗಂಟು ಅಥವಾ ಗಡ್ಡೆ ಉಂಟಾಗುತ್ತದೆ. ಕಂಬಂನ ಕನ್ನಡಿಗರು ತಮಿಳಿನಂತೆ ಇದನ್ನು ‘ಕಟ್ಟಿ’ ಎನ್ನುತ್ತಾರೆ. ಕೀವು ತುಂಬಿದ ಕುರುವಿಗೂ ಅದೇ ಮಾತು, ಕ್ಯಾನ್ಸರ್ ಗಡ್ಡೆಗೂ ಅದೇ ಮಾತು. ಹೆಸರು ಒಂದೇ ಆದ್ದರಿಂದ ಎಲ್ಲವನ್ನೂ ಒಂದೇ ಎಂದು ತಿಳಿಯುವ ತಪ್ಪು ಸುಲಭವಾಗಿ ಆಗುತ್ತದೆ.

ಈ ಗಡ್ಡೆಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಒಂದು, ಇದ್ದಲ್ಲಿಯೇ ಇದ್ದು ನಿಧಾನವಾಗಿ ಬೆಳೆಯುವ, ಬೇರೆಡೆಗೆ ಹರಡದ ಸಾಧು ಗಡ್ಡೆ. ಇನ್ನೊಂದು, ಸುತ್ತಲಿನ ಭಾಗವನ್ನು ಆಕ್ರಮಿಸಿ, ರಕ್ತದ ಮೂಲಕ ದೂರದ ಅವಯವಗಳಿಗೂ ಹರಡಬಲ್ಲ ಮಾರಕ ಗಡ್ಡೆ. ಮಾರಕವಾದವುಗಳಿಗೆ ಸಾರ್ಕೋಮ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಮಾಂಸ ಎಂಬರ್ಥದ ಶಬ್ದದಿಂದ ಬಂದದ್ದು ಇದು. ಸಮಾಧಾನದ ಸಂಗತಿಯೆಂದರೆ, ಸಾಧು ಗಡ್ಡೆಗಳೇ ಬಹುಪಾಲು. ಒಂದು ಸಾರ್ಕೋಮಕ್ಕೆ ನೂರಕ್ಕೂ ಮಿಕ್ಕಿ ಸಾಧು ಗಡ್ಡೆಗಳಿರುತ್ತವೆ. ವಯಸ್ಕರಿಗೆ ಬರುವ ಎಲ್ಲ ಕ್ಯಾನ್ಸರುಗಳಲ್ಲಿ ಸಾರ್ಕೋಮದ ಪಾಲು ನೂರಕ್ಕೆ ಒಂದರಷ್ಟು ಮಾತ್ರ.

ನಿರಪಾಯದ ಗಂಟುಗಳು

ಅಜ್ಜಿಯ ಬೆನ್ನಿನ ಮೇಲಿದ್ದದ್ದು ಲಿಪೋಮ, ಅಂದರೆ ಕೊಬ್ಬಿನ ಗಂಟು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಚರ್ಮದ ಕೆಳಗೆ ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ, ಬೆರಳಿನಿಂದ ಒತ್ತಿದರೆ ಜಾರುತ್ತದೆ, ಸಾಮಾನ್ಯವಾಗಿ ನೋವಿರುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ತುಪ್ಪ ತಿಂದದ್ದರಿಂದ ಇದು ಬಂತೆಂದು ಹೇಳುವುದುಂಟು, ಅದಕ್ಕೆ ಆಧಾರವಿಲ್ಲ. ತೆಳ್ಳಗಿರುವವರಿಗೂ ಬರುತ್ತದೆ, ಉಪವಾಸ ಮಾಡಿದರೆ ಕರಗುವುದೂ ಇಲ್ಲ. ವೈದ್ಯರು ಒಮ್ಮೆ ನೋಡಿ ಲಿಪೋಮವೆಂದು ಹೇಳಿದ ಮೇಲೆ, ತೊಂದರೆ ಕೊಡದಿದ್ದರೆ ಬಿಟ್ಟುಬಿಡಬಹುದು.

ಹಸುಗೂಸುಗಳ ಮೈಮೇಲೆ ಕೆಂಪಗೆ ಉಬ್ಬುವ ರಕ್ತನಾಳದ ಗಂಟು ಇನ್ನೊಂದು. ಮೊದಲ ಕೆಲವು ತಿಂಗಳು ಬೇಗ ಬೆಳೆದು ತಾಯಂದಿರನ್ನು ಗಾಬರಿಪಡಿಸುತ್ತದೆ, ಆಮೇಲೆ ತಾನಾಗಿ ಕುಗ್ಗುತ್ತ ಹೋಗುತ್ತದೆ. ಕಣ್ಣು, ಮೂಗು, ಬಾಯಿಯ ಹತ್ತಿರವಿದ್ದರೆ ಮಾತ್ರ ತಡಮಾಡದೆ ತೋರಿಸಬೇಕು. ಮಣಿಕಟ್ಟಿನ ಮೇಲೆ ಗೋಲಿಯಂತೆ ಏಳುವ ಗಂಟು ಕೀಲಿನ ದ್ರವ ತುಂಬಿದ ಚೀಲ, ಅದು ಗಡ್ಡೆಯೇ ಅಲ್ಲ. ನರದ ಹೊದಿಕೆಯಿಂದ ಹುಟ್ಟುವ ಗಂಟುಗಳೂ ಸಾಮಾನ್ಯವಾಗಿ ಸಾಧುವೇ. ಡೆಸ್ಮಾಯಿಡ್ ಎಂಬುದೊಂದಿದೆ. ಇದು ಬೇರೆಡೆಗೆ ಹರಡುವುದಿಲ್ಲ, ಆದರೆ ಸುತ್ತಲಿನ ಮಾಂಸದೊಳಗೆ ಬೇರು ಬಿಡುತ್ತದೆ. ಹೆರಿಗೆಯಾದ ಸ್ತ್ರೀಯರ ಹೊಟ್ಟೆಯ ಗೋಡೆಯಲ್ಲಿ ಕಾಣಿಸಿಕೊಳ್ಳುವುದುಂಟು. ಹಿಂದೆ ಇದನ್ನು ಕಂಡಕೂಡಲೆ ಕತ್ತರಿಸುತ್ತಿದ್ದರು. ಈಗ ಬಹಳ ಮಂದಿಯಲ್ಲಿ ಮೊದಲು ಕೆಲವು ಕಾಲ ಕಾದು ಗಮನಿಸುವುದೇ ಕ್ರಮವಾಗಿದೆ.

ಯಾವ ಗಂಟನ್ನು ತೋರಿಸಲೇಬೇಕು?

ಯಜಮಾನರ ತಮ್ಮನಿಗೆ ಆಗ 46 ವರ್ಷ. ಕಣಿವೆಯ ಹಲವರಂತೆ ದ್ರಾಕ್ಷಿ ಬೆಳೆಗಾರರು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿ ಅವರ ತೋಟದ ಬೆಳೆ. ಚಪ್ಪರದ ಕೆಲಸದಲ್ಲಿ ಏಣಿಯಿಂದ ಜಾರಿ ತೊಡೆಗೆ ಪೆಟ್ಟಾಯಿತು. ಕೆಲವು ವಾರಗಳ ಮೇಲೆ ಅಲ್ಲಿ ಗಟ್ಟಿಯಾದ ಗಂಟು ಕೈಗೆ ಸಿಕ್ಕಿತು. ರಕ್ತ ಹೆಪ್ಪುಗಟ್ಟಿದೆ ಎಂದುಕೊಂಡು ಎಣ್ಣೆ ತಿಕ್ಕಿಸಿದರು, ಕಟ್ಟು ಹಾಕಿಸಿದರು, ಮಂತ್ರಿಸಿದ ದಾರವನ್ನೂ ಕಟ್ಟಿಸಿದರು.

“ನೋವಿರಲಿಲ್ಲ ಸ್ವಾಮಿ. ನೋವಿದ್ದಿದ್ದರೆ ಅವತ್ತೇ ಓಡುತ್ತಿದ್ದೆ” ಎಂದು ಅವರು ಹೇಳಿದರು.

ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ನೋವಿಲ್ಲದಿರುವುದು ನಿರಪಾಯದ ಗುರುತಲ್ಲ. ಅನೇಕ ಸಾರ್ಕೋಮಗಳು ಮೊದಮೊದಲು ನೋಯುವುದೇ ಇಲ್ಲ. ವೈದ್ಯರು ಹೇಳುವ ಎಚ್ಚರಿಕೆಯ ಗುರುತುಗಳು ಇವು:

ಒಂದು, 5 ಸೆಂಟಿಮೀಟರಿಗಿಂತ, ಎಂದರೆ ಒಂದು ದೊಡ್ಡ ನಿಂಬೆಹಣ್ಣಿಗಿಂತ ಮಿಗಿಲಾದ ಗಂಟು.

ಎರಡು, ವಾರ ತಿಂಗಳುಗಳಲ್ಲಿ ಬೆಳೆಯುತ್ತಿರುವ ಗಂಟು. ಹಳೆಯ ಗಂಟು ಇದ್ದಕ್ಕಿದ್ದಂತೆ ಬೆಳೆಯತೊಡಗಿದರೂ ಅಷ್ಟೇ.

ಮೂರು, ಚರ್ಮದ ಕೆಳಗೆ ಜಾರದೆ ಆಳದಲ್ಲಿ ಸ್ನಾಯುವಿಗೆ ಅಂಟಿಕೊಂಡು ಗಟ್ಟಿಯಾಗಿರುವ ಗಂಟು.

ನಾಲ್ಕು, ಹೊಸದಾಗಿ ನೋವು ಕೊಡುತ್ತಿರುವ ಗಂಟು.

ಐದು, ಒಮ್ಮೆ ತೆಗೆಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದ ಗಂಟು.

ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಯಾಗಲೇಬೇಕು. ಹೆಚ್ಚಿನ ಸಾರ್ಕೋಮಗಳು ಕೈಕಾಲುಗಳಲ್ಲಿ, ಅದರಲ್ಲಿಯೂ ತೊಡೆಯಲ್ಲಿ ಬರುತ್ತವೆ. ಹೊಟ್ಟೆಯ ಹಿಂಭಾಗದ ಆಳದಲ್ಲಿ ಬೆಳೆಯುವವು ಬಹಳ ದೊಡ್ಡದಾಗುವವರೆಗೆ ತಿಳಿಯುವುದಿಲ್ಲ. ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ತುಂಬಿದಂತಾಗುವುದು ಮುಂತಾದ ಲಕ್ಷಣಗಳು ಬಿಡದೆ ಇದ್ದರೆ ವೈದ್ಯರಿಗೆ ಹೇಳಬೇಕು. ಮಕ್ಕಳಿಗೂ ಸ್ನಾಯುವಿನ ಸಾರ್ಕೋಮ ಬರುವುದುಂಟು, ಆದ್ದರಿಂದ ಮಗುವಿನ ಮೈಯ ಗಂಟನ್ನು ‘ಬೆಳೆಯುವ ವಯಸ್ಸು’ ಎಂದು ತಳ್ಳಿಹಾಕಬಾರದು.

ಯಾಕೆ ಬರುತ್ತದೆ?

ಬಹುಪಾಲು ರೋಗಿಗಳಲ್ಲಿ ಇಂತಹುದೇ ಕಾರಣವೆಂದು ತೋರಿಸಲು ಆಗುವುದಿಲ್ಲ. ಪೆಟ್ಟಿನಿಂದ ಕ್ಯಾನ್ಸರ್ ಹುಟ್ಟುತ್ತದೆ ಎಂಬುದು ಸಿದ್ಧವಾಗಿಲ್ಲ. ಪೆಟ್ಟು ಬಿದ್ದಾಗ ಆ ಜಾಗವನ್ನು ಮುಟ್ಟಿ ನೋಡುತ್ತೇವೆ, ಅಲ್ಲಿ ಮೊದಲೇ ಇದ್ದ ಗಂಟು ಆಗ ಗಮನಕ್ಕೆ ಬರುತ್ತದೆ, ಅಷ್ಟೇ. ದ್ರಾಕ್ಷಿ ಬೆಳೆಗಾರರ ಕಾಲಿಗೂ ಹೀಗೆಯೇ ಆಗಿರಬೇಕು.

ಗೊತ್ತಿರುವ ಕಾರಣಗಳು ಕೆಲವಿವೆ. ಬೇರೊಂದು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದ ಜಾಗದಲ್ಲಿ ಹಲವು ವರ್ಷಗಳ ಮೇಲೆ ಅಪರೂಪಕ್ಕೆ ಸಾರ್ಕೋಮ ಬರಬಹುದು. ಆದರೆ ವಿಕಿರಣದಿಂದ ಆಗುವ ಲಾಭ ಈ ಅಪಾಯಕ್ಕಿಂತ ಬಹಳ ಹೆಚ್ಚಿನದು, ಈ ಭಯಕ್ಕಾಗಿ ಚಿಕಿತ್ಸೆ ಬಿಡಬಾರದು. ಸ್ತನದ ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಊದಿಕೊಂಡೇ ಇರುವ ತೋಳಿನಲ್ಲಿ ರಕ್ತನಾಳದ ಸಾರ್ಕೋಮ ಹುಟ್ಟಬಹುದೆಂದು 1948ರಲ್ಲಿಯೇ ಸ್ಟುವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು ವರದಿ ಮಾಡಿದ್ದರು. ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ವಿನೈಲ್ ಕ್ಲೋರೈಡ್ ಅನಿಲದಿಂದ ಪಿತ್ತಜನಕಾಂಗದ ಸಾರ್ಕೋಮ ಬಂದದ್ದು 1974ರಲ್ಲಿ ಬೆಳಕಿಗೆ ಬಂದಿತು. ಕೆಲವು ಕಳೆನಾಶಕಗಳ ವಿಷಯದಲ್ಲಿ ಸಂಶಯವಿದೆ, ಆದರೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹೇಗಿದ್ದರೂ ತೋಟದಲ್ಲಿ ಔಷಧಿ ಹೊಡೆಯುವವರು ಮುಖಕ್ಕೆ, ಕೈಗೆ ರಕ್ಷಣೆ ಮಾಡಿಕೊಳ್ಳುವುದು ಬೇರೆ ಹತ್ತು ಕಾರಣಗಳಿಗಾಗಿಯೂ ಒಳ್ಳೆಯದೇ.

ವಂಶದಿಂದ ಬರುವ ಕೆಲವು ಸ್ಥಿತಿಗಳೂ ಇವೆ. ನರಗಂಟಿನ ರೋಗ, ಎಂದರೆ ನ್ಯೂರೋಫೈಬ್ರೊಮಟೋಸಿಸ್ ಎಂಬುದರಲ್ಲಿ ಬಾಲ್ಯದಿಂದಲೇ ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು, ಆಮೇಲೆ ಮೈತುಂಬ ಮೆತ್ತನೆಯ ಸಣ್ಣ ಗಂಟುಗಳು ಕಾಣಿಸಿಕೊಳ್ಳುತ್ತವೆ. ಸುಮಾರು 3,000 ಜನನಗಳಲ್ಲಿ ಒಂದು ಮಗುವಿಗೆ ಇದಿರುತ್ತದೆ. ಅವರಲ್ಲಿ ಅರ್ಧದಷ್ಟು ಮಂದಿಯ ತಂದೆತಾಯಿಗಳಿಗೆ ಈ ರೋಗವಿರುವುದೇ ಇಲ್ಲ. ಇದು ಅಂಟುರೋಗವಲ್ಲ, ಪಾಪದ ಫಲವೆಂದು ದೂರವಿಡುವಂತಹುದೂ ಅಲ್ಲ. ಆದರೆ ಇವರಲ್ಲಿ ಒಂದು ಗಂಟು ಬೇಗ ಬೆಳೆದರೆ ಅಥವಾ ನೋಯತೊಡಗಿದರೆ ಕೂಡಲೇ ತೋರಿಸಬೇಕು. ಸಾರ್ಕೋಮವಾಗುವ ಸಂಭವ ಇವರಿಗೆ ಇತರರಿಗಿಂತ ಹೆಚ್ಚು. ‘ತಾಯಿಯ ಗಂಟೇ ಮಗನಿಗೆ ಬಂತೇ?’ ಎಂದು ಆ ಮನೆಯವರೂ ಕೇಳಿದ್ದರಂತೆ. ಹಾಗಿಲ್ಲ. ಅಜ್ಜಿಯ ಕೊಬ್ಬಿನ ಗಂಟಿಗೂ ಮಗನ ಸಾರ್ಕೋಮಕ್ಕೂ ಸಂಬಂಧವಿಲ್ಲ.

ಮೊದಲ ಕತ್ತರಿ ಮೊದಲ ತಪ್ಪು

ತೊಡೆಯ ಗಂಟು ಬೆಳೆದು ಪಂಚೆಯ ಮೇಲೂ ಕಾಣುವಂತಾದಾಗ ಅವರು ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದರು. ಅಲ್ಲಿ ಸ್ಕ್ಯಾನ್ ಆಗಲಿಲ್ಲ, ಬಯಾಪ್ಸಿಯೂ ಆಗಲಿಲ್ಲ. ಮರಗಟ್ಟುವ ಚುಚ್ಚುಮದ್ದು ಕೊಟ್ಟು ಗಂಟನ್ನು ಕೆರೆದು ತೆಗೆದರು. ತೆಗೆದ ಭಾಗವನ್ನು ಪರೀಕ್ಷೆಗೆ ಕಳುಹಿಸದೆ ಎಸೆದರು. ಎಂಟು ತಿಂಗಳಲ್ಲಿ ಹೊಲಿಗೆಯ ಕೆಳಗೇ ಗಂಟು ಮರಳಿ ಬಂತು, ಮೊದಲಿಗಿಂತ ದೊಡ್ಡದಾಗಿ.

ಇಂತಹ ತಪ್ಪು ಈ ರೋಗದಲ್ಲಿ ಎಲ್ಲ ದೇಶಗಳಲ್ಲಿಯೂ ಆಗುತ್ತದೆ. ಸಾರ್ಕೋಮದ ಸುತ್ತ ತೆಳುವಾದ ಪೊರೆ ಇರುವಂತೆ ತೋರುತ್ತದೆ. ಆದರೆ ಆ ಪೊರೆಯಾಚೆಗೂ ರೋಗದ ಜೀವಕೋಶಗಳು ಸೇರಿಕೊಂಡಿರುತ್ತವೆ. ಅದನ್ನು ಲಿಪೋಮದಂತೆ ಕಿತ್ತು ತೆಗೆದರೆ ಬೇರು ಉಳಿಯುತ್ತದೆ, ಕತ್ತರಿ ತಾಗಿದಲ್ಲೆಲ್ಲ ಹರಡಲು ದಾರಿಯಾಗುತ್ತದೆ.

ಆದ್ದರಿಂದ ಸರಿಯಾದ ಕ್ರಮವನ್ನು ಮನೆಯವರೂ ತಿಳಿದಿರಬೇಕು. ಮೊದಲು ಅಲ್ಟ್ರಾಸೌಂಡ್. ಸಂಶಯವಿದ್ದರೆ ಎಂ.ಆರ್.ಐ.; ಗಡ್ಡೆ ಯಾವ ಸ್ನಾಯುವಿನಲ್ಲಿದೆ, ನರ ಮತ್ತು ರಕ್ತನಾಳಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಅದು ತೋರಿಸುತ್ತದೆ. ಅದಾದ ಮೇಲೆ ದಪ್ಪ ಸೂಜಿಯ ಬಯಾಪ್ಸಿ. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂದು ಹೆದರಿ ಬಹಳ ಮಂದಿ ಹಿಂದೆ ಸರಿಯುತ್ತಾರೆ. ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಜಾಗ ನೋಡಿ ಸೂಜಿ ಹಾಕುತ್ತದೆ, ಸೂಜಿ ಹೋದ ದಾರಿಯನ್ನೂ ಆಮೇಲೆ ಗಡ್ಡೆಯೊಡನೆ ತೆಗೆಯಬಹುದು. ಆದ್ದರಿಂದ ಆ ಹೆದರಿಕೆ ಬೇಡ. ಬಯಾಪ್ಸಿಯಲ್ಲಿ ಸಾರ್ಕೋಮದ ಜಾತಿಯೂ ದರ್ಜೆಯೂ ತಿಳಿಯುತ್ತವೆ. ಸಾರ್ಕೋಮಗಳಲ್ಲಿ 50ಕ್ಕೂ ಹೆಚ್ಚು ಜಾತಿಗಳಿರುವುದರಿಂದ ಅನುಭವಿ ಪೆಥಾಲಜಿ ತಜ್ಞರು ನೋಡುವುದು ಬಹಳ ಮುಖ್ಯ. ಈ ರೋಗ ಸಾಮಾನ್ಯವಾಗಿ ಮೊದಲು ಶ್ವಾಸಕೋಶಕ್ಕೆ ಹರಡುವುದರಿಂದ ಎದೆಯ ಸಿ.ಟಿ. ಸ್ಕ್ಯಾನ್ ಕೂಡ ಬೇಕು.

ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು: ಶರೀರದಿಂದ ತೆಗೆದ ಯಾವ ಗಂಟೂ ಪರೀಕ್ಷೆಗೆ ಹೋಗದೆ ಉಳಿಯಬಾರದು. ವರದಿಯನ್ನು ಕೇಳಿ ಪಡೆಯಿರಿ, ಜೋಪಾನವಾಗಿಡಿ. ಬೇರೆ ಆಸ್ಪತ್ರೆಗೆ ಹೋಗುವಾಗ ಸ್ಲೈಡುಗಳನ್ನೂ ಮೇಣದ ಬಿಲ್ಲೆಗಳನ್ನೂ ಕೇಳಿ ತೆಗೆದುಕೊಳ್ಳಿ.

ಕಾಲು ಉಳಿಯುತ್ತದೆಯೇ?

ಸಾರ್ಕೋಮ ಎಂದೊಡನೆ ಮನೆಯವರಿಗೆ ಬರುವ ಮೊದಲ ಪ್ರಶ್ನೆ ಇದೇ. ಹಿಂದೆ ಕೈಕಾಲಿನ ಸಾರ್ಕೋಮಕ್ಕೆ ಅಂಗಚ್ಛೇದನವೇ ಮದ್ದೆಂದು ನಂಬಿದ್ದರು. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಧ್ಯಯನವೊಂದು ಪ್ರಕಟವಾಯಿತು. 43 ರೋಗಿಗಳಲ್ಲಿ ಕೆಲವರಿಗೆ ಅಂಗಚ್ಛೇದನ, ಉಳಿದವರಿಗೆ ಅಂಗ ಉಳಿಸುವ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ. ಬದುಕಿ ಉಳಿದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಂದ ಚಿಕಿತ್ಸೆಯ ದಾರಿಯೇ ಬದಲಾಯಿತು. ಇಂದು ಪರಿಣತ ಕೇಂದ್ರಗಳಲ್ಲಿ ನೂರಕ್ಕೆ 90ರಷ್ಟು ಮಂದಿಯ ಕೈಕಾಲು ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯನ್ನು ಒಡೆಯದೆ, ಸುತ್ತಲಿನ ಆರೋಗ್ಯವಂತ ಮಾಂಸದ ಅಂಚಿನೊಡನೆ ಇಡಿಯಾಗಿ ತೆಗೆಯುತ್ತಾರೆ. ಗಡ್ಡೆ ದೊಡ್ಡದಾಗಿದ್ದರೆ, ಆಳದಲ್ಲಿದ್ದರೆ ಅಥವಾ ಹೆಚ್ಚಿನ ದರ್ಜೆಯದಾಗಿದ್ದರೆ ವಿಕಿರಣವನ್ನೂ ಕೊಡುತ್ತಾರೆ. ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟರೆ ಸಾಮಾನ್ಯವಾಗಿ ಐದು ವಾರ, ನಂತರವಾದರೆ ಆರರಿಂದ ಏಳು ವಾರ. ಮೊದಲು ಕೊಟ್ಟರೆ ಗಾಯ ಮಾಯುವುದು ನಿಧಾನ; ನಂತರ ಕೊಟ್ಟರೆ ಆ ಜಾಗ ಬಿಗಿದುಕೊಳ್ಳುವುದು ಹೆಚ್ಚು. ಯಾವುದು ಸೂಕ್ತವೆಂದು ತಂಡ ಕೂತು ನಿರ್ಧರಿಸುತ್ತದೆ.

ಕೀಮೋಥೆರಪಿ ಎಲ್ಲರಿಗೂ ಬೇಕಿಲ್ಲ. ಮಕ್ಕಳ ಸ್ನಾಯು ಸಾರ್ಕೋಮದಲ್ಲಿ ಅದು ಅತ್ಯಗತ್ಯ, ಫಲವೂ ಒಳ್ಳೆಯದು. ವಯಸ್ಕರಲ್ಲಿ ಕೆಲವು ಜಾತಿಗಳಿಗೆ ಮತ್ತು ಹರಡಿದ ರೋಗಕ್ಕೆ ಡಾಕ್ಸೊರುಬಿಸಿನ್, ಐಫಾಸ್ಫಮೈಡ್ ಮುಂತಾದ ಔಷಧಿಗಳಿವೆ. ಜಠರ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಜಾತಿಗೆ ಇಮಾಟಿನಿಬ್ ಎಂಬ ಮಾತ್ರೆ ಈ ಶತಮಾನದ ಆರಂಭದಲ್ಲಿ ಬಂದು ಎಷ್ಟೋ ಮಂದಿಯ ಆಯುಷ್ಯವನ್ನು ಹೆಚ್ಚಿಸಿದೆ. ಇದರ ಪೇಟೆಂಟ್ ಕೋರಿಕೆಯನ್ನು 2013ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದರಿಂದ ಸ್ವದೇಶಿ ಕಂಪನಿಗಳ ಅಗ್ಗದ ಮಾತ್ರೆ ದೊರೆಯುತ್ತಲೇ ಇದೆ.

ಅಮೆರಿಕದ ನೋಂದಣಿ ಲೆಕ್ಕದಂತೆ, ಹುಟ್ಟಿದ ಜಾಗದಲ್ಲಿಯೇ ಇರುವಾಗ ಸಾರ್ಕೋಮ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲೆ ಪತ್ತೆಯಾದರೆ 20 ಮಂದಿಯೂ ಇಲ್ಲ. ಬೇಗ ತೋರಿಸುವುದರ ಬೆಲೆ ಇಷ್ಟು!

ಎಲ್ಲಿಗೆ ಹೋಗಬೇಕು?

ಕಣಿವೆಯವರಿಗೆ ಮೊದಲ ಮೆಟ್ಟಿಲು ಆಂಡಿಪಟ್ಟಿ ಬಳಿಯ ಕ. ವಿಲಕ್ಕಿನಲ್ಲಿರುವ ತೇನಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ದಿಂಡಿಗಲ್‌ನ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಮುಂದೆ ಮಧುರೆಯ ಸರ್ಕಾರಿ ರಾಜಾಜಿ ಆಸ್ಪತ್ರೆ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಆರಂಭವಾದ ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಯ ಹೆಸರು ನಮ್ಮ ಓದುಗರಿಗೆಲ್ಲ ತಿಳಿದದ್ದೇ. ಕರ್ನಾಟಕದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ, ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗಳ ಅಡಿಯಲ್ಲಿ ಅರ್ಹ ಕುಟುಂಬಗಳಿಗೆ ನೆರವು ಉಂಟು. ಹೊಲ ಅಡವಿಡುವ ಮೊದಲು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ವಿಚಾರಿಸಿ.

ಮನೆಯವರಿಗೆ ನಾಲ್ಕು ಮಾತು

ನಮ್ಮ ಕುಟುಂಬಗಳಲ್ಲಿ ಉಪವಾಸ, ರಾತ್ರಿ ನೀರು ಬಿಡುವ ನಿಯಮ ಹಿಡಿದವರು ಬಹಳ. ಐಫಾಸ್ಫಮೈಡಿನಂತಹ ಔಷಧಿ ನಡೆಯುವ ದಿನಗಳಲ್ಲಿ ಧಾರಾಳವಾಗಿ ನೀರು ದೇಹಕ್ಕೆ ಸೇರದಿದ್ದರೆ ಮೂತ್ರಕೋಶಕ್ಕೆ ಹಾನಿಯಾಗುತ್ತದೆ. ನಿಯಮವಿರುವವರು ಅದನ್ನು ಮುಚ್ಚಿಡದೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಬೇಕು. ನಿಯಮ ಕೊಟ್ಟ ಗುರುಗಳಿಗೂ ರೋಗದ ಸ್ಥಿತಿಯನ್ನು ನಿವೇದಿಸಿ ಅವರ ಮಾತು ಕೇಳಬೇಕು. ಬೇಳೆ, ಕಾಳು, ಹಾಲು, ಮೊಸರುಗಳಿಂದ ಬೇಕಾದ ಪೌಷ್ಟಿಕಾಂಶ ದೊರೆಯುತ್ತದೆ, ಶಾಕಾಹಾರ ಚಿಕಿತ್ಸೆಗೆ ಅಡ್ಡಿಯಲ್ಲ.

ಇನ್ನೊಂದು ಸಂಕೋಚದ ವಿಷಯ. ತೊಡೆ, ಸೊಂಟ, ಎದೆಯ ಗಂಟನ್ನು ನಮ್ಮ ಅಕ್ಕತಂಗಿಯರು ಹೇಳಿಕೊಳ್ಳುವುದಿಲ್ಲ. ಮದುವೆಗೆ ಬಂದ ಹುಡುಗಿಯಾದರೆ ತಾಯಿಯೇ ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಗಂಟು ಸಣ್ಣದಾಗಿ ಉಳಿಯುವುದಿಲ್ಲ. ಮನೆಯ ಹಿರಿಯ ಹೆಂಗಸರು ಈ ವಿಷಯದಲ್ಲಿ ತಾವೇ ಮುಂದಾಗಿ ಕೇಳಬೇಕೆಂದು ನಮ್ಮ ಪ್ರಾರ್ಥನೆ.

ಗಂಟಿನ ಮೇಲೆ ಎಣ್ಣೆ ತಿಕ್ಕುವುದು, ಬರೆ ಹಾಕುವುದು, ಬಿಗಿಯಾಗಿ ಕಟ್ಟುವುದು ಬೇಡ. ಅದರಿಂದ ಕಾಲಹರಣವಲ್ಲದೆ ಪ್ರಯೋಜನವಿಲ್ಲ.

ಮತ್ತೆ ಆ ಮನೆಗೆ

ದ್ರಾಕ್ಷಿ ಬೆಳೆಗಾರರಿಗೆ ಮಧುರೆಯಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ಹಳೆಯ ಗಾಯದ ಕಲೆಯನ್ನೂ ಕೂಡಿಸಿ ವಿಸ್ತಾರವಾಗಿ ತೆಗೆಯಬೇಕಾದ್ದರಿಂದ ಬೇರೆಡೆಯ ಚರ್ಮ ತಂದು ಹೊದಿಸಿದರು. ಆಮೇಲೆ ಆರೂವರೆ ವಾರ ವಿಕಿರಣ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯಾದ್ದರಿಂದ ಅಣ್ಣ ತೋಟವನ್ನು ನೋಡಿಕೊಂಡರು, ಅತ್ತಿಗೆಯೇ ಜೊತೆಗೆ ನಿಂತು ಕೋಣೆ ಹಿಡಿದು ಅಡುಗೆ ಮಾಡಿ ಹಾಕಿದರು. ಕಾಲು ಉಳಿಯಿತು. ಕೊಂಚ ಕುಂಟುತ್ತ ನಡೆಯುತ್ತಾರೆ, ಏಣಿ ಹತ್ತುವ ಕೆಲಸವನ್ನು ಮಗನಿಗೆ ಬಿಟ್ಟಿದ್ದಾರೆ.

ಈಗ ಎರಡು ವರ್ಷವಾಗಿದೆ. ನಾಲ್ಕು ತಿಂಗಳಿಗೊಮ್ಮೆ ಗಾಯದ ಜಾಗವನ್ನೂ ಎದೆಯನ್ನೂ ಪರೀಕ್ಷಿಸಿಕೊಂಡು ಬರುತ್ತಾರೆ. ಮೊದಲ ಎರಡು ಮೂರು ವರ್ಷ ಹೀಗೆ, ಆಮೇಲೆ ಐದನೆಯ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. “ಹೋಗುವ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ” ಎಂದು ಅತ್ತಿಗೆ ಹೇಳಿದರು.

ನಾವು ಹೊರಟಾಗ ಅಜ್ಜಿ ಬಾಗಿಲವರೆಗೆ ಬಂದರು. “ನನ್ನ ಗಂಟನ್ನು ತೆಗೆಸು ತೆಗೆಸು ಅಂತ ಇಪ್ಪತ್ತು ವರ್ಷ ನನ್ನ ಹಿಂದೆ ಬಿದ್ದಿದ್ದ. ತನ್ನದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ” ಎಂದು ಮಗನ ಕಡೆ ನೋಡಿದರು. ಅವರು ತಲೆ ತಗ್ಗಿಸಿ ನಕ್ಕರು.

ಓದುಗರೇ, ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ನಿಮ್ಮ ಮನೆಯಲ್ಲಿ ಒಮ್ಮೆ ವಿಚಾರಿಸಿ. ಯಾರಿಗಾದರೂ, ಎಲ್ಲಾದರೂ, ಬೆಳೆಯುತ್ತಿರುವ ಗಂಟು ಇದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ. ಬಹುಶಃ ಅದು ಅಜ್ಜಿಯ ಗಂಟಿನಂತಹುದೇ ಆಗಿರುತ್ತದೆ. ನೆಮ್ಮದಿಯಿಂದ ಮನೆಗೆ ಮರಳುತ್ತೀರಿ. ಹಾಗಲ್ಲದಿದ್ದರೆ, ವೇಳೆಗೆ ಸರಿಯಾಗಿ ಹೋದಿರೆಂದು ಮುಂದೆ ಸಮಾಧಾನಪಡುತ್ತೀರಿ.